ಅಮಾವಾಸ್ಯೆಯ ದಿನ ನಡುಗಿದ ಸೂಜಿ

ಕೆಲಸಕ್ಕೆ ಸೇರಿದ ಹನ್ನೊಂದನೆಯ ದಿನ ನಾನು ಒಂದು ಎಮ್ಮೆಯನ್ನು ಭೂಕಂಪ ಎಂದು ದಾಖಲೆ ಮಾಡಿದೆ. ಎಮ್ಮೆ ಬೇಲಿ ದಾಟಿ ಬಂದು ನಮ್ಮ ಗುಂಡಿಯ ಮುಚ್ಚಳದ ಕಬ್ಬಿಣಕ್ಕೆ ಮೈ ಉಜ್ಜಿಕೊಂಡಿತ್ತು. ನಾನು ಸಮಯ, ಸೆಕೆಂಡು, ಸೂಜಿ ಎದ್ದ ಎತ್ತರ ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದು ಸಾಹೇಬರ ಮುಂದೆ ಇಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು, "ಆಂಜಿನಪ್ಪ, ಈ ಭೂಕಂಪ ಎಷ್ಟು ಲೀಟರ್ ಹಾಲು ಕೊಡುತ್ತೆ, ಹೋಗಿ ಕೇಳ್ಕೊಂಡ್ ಬನ್ನಿ," ಎಂದರು. ಮೂರು ತಿಂಗಳು ಆಫೀಸಿನಲ್ಲಿ ನನ್ನನ್ನು ಎಮ್ಮೆ ಆಂಜಿನಪ್ಪ ಎಂದೇ ಕರೆದರು.

ಈಗ ಈ ಕೆಲಸಕ್ಕೆ ಸೇರುತ್ತಿರುವ ನೀವು ಮನೆಗೆ ಬಂದು, ಹಳೆಯದನ್ನೆಲ್ಲ ಬರೆದುಕೊಡಿ ಎಂದಿದ್ದೀರಿ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾವ ಸಾಹೇಬರು ಯಾವಾಗ ಬಂದರು ಹೋದರು, ಅದೆಲ್ಲ ಪಿಂಚಣಿ ಕಾಗದದಲ್ಲಿ ಇದೆ. ಅದನ್ನು ಓದಿ ಯಾರಿಗೂ ಬುದ್ಧಿ ಬರುವುದಿಲ್ಲ. ನಾನು ಮಾಡಿದ ತಪ್ಪುಗಳನ್ನು ಬರೆಯುತ್ತೇನೆ. ಎಮ್ಮೆಯದು ನಗುವ ತಪ್ಪು. ಇನ್ನೊಂದು ಇದೆ.

ನಮ್ಮ ಕೆಲಸ ಏನೆಂದು ಹೊರಗಿನವರಿಗೆ ಹೇಳುವುದು ಆಗಲೂ ಕಷ್ಟವಿತ್ತು. ಅರವತ್ತರ ದಶಕದ ನಡುವಿನ ವರ್ಷಗಳವು. ಗೌರಿಬಿದನೂರಿನ ಸುತ್ತಲಿನ ಹೊಲಗಳಲ್ಲಿ ದೂರದೂರಕ್ಕೆ ಗುಂಡಿ ತೋಡಿ, ಒಳಗೆ ನೆಲದ ನಡುಕ ಹಿಡಿಯುವ ಯಂತ್ರ ಇಟ್ಟಿದ್ದರು. ಪ್ರತಿ ಗುಂಡಿಯಿಂದ ಆಫೀಸಿಗೆ ಕೇಬಲ್. ಆಫೀಸಿನಲ್ಲಿ ಪ್ರತಿ ಗುಂಡಿಗೆ ಒಂದು ಸೂಜಿ, ಸೂಜಿಯ ಕೆಳಗೆ ನಿಲ್ಲದೆ ಸರಿಯುವ ಕಾಗದದ ಸುರುಳಿ. ಯಾವುದೋ ದೇಶ ತನ್ನ ನೆಲದಲ್ಲಿ ಅಣುಬಾಂಬು ಸಿಡಿಸಿದರೆ ಆ ನಡುಕ ಬಂಡೆಯೊಳಗೆ ಹರಿದು ನಮ್ಮ ತನಕ ಬರುತ್ತದೆ. ನಮ್ಮ ಕಡೆಯ ಬಂಡೆ ಗಟ್ಟಿ, ಸದ್ದುಗದ್ದಲ ಕಡಿಮೆ. ಆದ್ದರಿಂದ ಇಲ್ಲಿ. ಬಂದ ನಡುಕ ಭೂಕಂಪದ್ದೋ ಬಾಂಬಿನದ್ದೋ ಎಂದು ಓದಿ ಹೇಳುವುದು ನಮ್ಮ ಕೆಲಸ. ನಮ್ಮೂರು ತೊಂಡೇಬಾವಿಯಲ್ಲಿ ಮಾತ್ರ, ನಾವು ನಿಧಿ ಹುಡುಕುತ್ತಿದ್ದೇವೆ ಎಂದೇ ಜನ ನಂಬಿದ್ದರು. ನಮ್ಮ ಅತ್ತೆ ಸಾಯುವ ತನಕ, "ಏನಾದ್ರೂ ಸಿಕ್ತೇನಪ್ಪಾ?" ಎಂದು ಕೇಳುತ್ತಿದ್ದರು.

ಸಾಹೇಬರ ಹೆಸರು ರಾಯರು ಎಂದಿಟ್ಟುಕೊಳ್ಳಿ. ಒಣಕಲು ಮನುಷ್ಯ. ಸಕ್ಕರೆ ಹಾಕದ ಕಾಫಿ ಕುಡಿಯುತ್ತಿದ್ದರು, ಮಾತಿಗೂ ಸಕ್ಕರೆ ಹಾಕುತ್ತಿರಲಿಲ್ಲ. ನಮ್ಮ ಯಂತ್ರಕ್ಕೆ ದೊಡ್ಡ ಶತ್ರು ಸುತ್ತಲಿನ ಗುಡ್ಡಗಳ ಕಲ್ಲುಗಣಿ. ಬಂಡೆಗೆ ಕುಳಿ ಹಾಕಿ ಮದ್ದು ತುಂಬಿ ಸಿಡಿಸಿದರೆ ನಮ್ಮ ಸೂಜಿಗಳೆಲ್ಲ ಕುಣಿಯುತ್ತಿದ್ದವು. ಅದಕ್ಕೆ ರಾಯರು ಒಂದು ಪುಸ್ತಕ ಮಾಡಿದ್ದರು. ವಾರಕ್ಕೊಮ್ಮೆ ನಾನು ಸೈಕಲ್ಲಿನಲ್ಲಿ ಗಣಿಗಳಿಗೆ ಹೋಗಿ, ಯಾವ ದಿನ ಎಷ್ಟು ಹೊತ್ತಿಗೆ ಮದ್ದು ಹಾರಿಸಿದರು ಎಂದು ಕೇಳಿ ಅದರಲ್ಲಿ ಬರೆದುಕೊಂಡು ಬರಬೇಕು.

ಹೀಗೆ ಚೌಡಪ್ಪನ ಪರಿಚಯವಾಯಿತು. ನಮಗೆ ಹತ್ತಿರದ ಗುಡ್ಡದಲ್ಲಿ ಕಲ್ಲು ಒಡೆಯುವವರ ಮೇಸ್ತ್ರಿ. ಅರ್ಧ ತೆಲುಗು, ಅರ್ಧ ಕನ್ನಡ. ಗಡಿಯಾರ ಇರಲಿಲ್ಲ; ತನ್ನ ನೆರಳನ್ನು ಹೆಜ್ಜೆಯಲ್ಲಿ ಅಳೆದು ಹೊತ್ತು ಹೇಳುತ್ತಿದ್ದ. ಸೂಜಿಯ ಲೆಕ್ಕಕ್ಕೆ ಹೋಲಿಸಿದರೆ ಹತ್ತು ನಿಮಿಷದ ಆಚೆಈಚೆ ಇರುತ್ತಿತ್ತು ಅಷ್ಟೆ.

"ಸಾಮಿ, ನಾನು ಇಲ್ಲಿ ಮದ್ದು ಹಾಕಿದ್ರೆ ನಿಮ್ಮ ಆಫೀಸಲ್ಲಿ ಗೊತ್ತಾಗ್ತದಾ?" ಎಂದು ಒಮ್ಮೆ ಕೇಳಿದ.

"ಗೊತ್ತಾಗ್ತದೆ."

"ಚೀನಾದೋನು ಹಾಕಿದ್ರೂ?"

"ಅದೂ ಗೊತ್ತಾಗ್ತದೆ."

"ಎರಡೂ ಒಂದೇ ಸೂಜಿಲಾ? ಅಯ್ಯೋ ದೇವುಡಾ, ನನ್ನ ಹೆಸರು ಅಲ್ಲಿ ಸೇರಿಸಿ ಗಿರಿಸೀರಿ, ಜೋಪಾನ," ಎಂದು ನಕ್ಕ. ನಾನೂ ನಕ್ಕೆ.

ಚೌಡಪ್ಪನವರ ಕಡೆಯವರಿಗೆ ಒಂದು ಕಟ್ಟು ಇತ್ತು. ಅಮಾವಾಸ್ಯೆಯ ದಿನ ಬಂಡೆಗೆ ಉಳಿ ಮುಟ್ಟಿಸುತ್ತಿರಲಿಲ್ಲ. ಹಿಂದೆ ಯಾವಾಗಲೋ ಹಾಗೆ ಮುಟ್ಟಿಸಿ ಮೂವರು ಸತ್ತಿದ್ದರಂತೆ. ರಾಯರ ಪುಸ್ತಕದ ಮೊದಲ ಪುಟದಲ್ಲಿ ಅದನ್ನು ನಾನೇ ಬರೆದಿದ್ದೆ, ಅಮಾವಾಸ್ಯೆ ರಜಾ ಎಂದು. ಹೊರಗಿನಿಂದ ಬಂದ ಯಾವ ವಿಜ್ಞಾನಿಗೂ ಗೊತ್ತಿರದ ಸಂಗತಿ ನನಗೆ ಗೊತ್ತು ಎಂದು ನನಗೆ ಹೆಮ್ಮೆ.

ಅರವತ್ತೈದರಲ್ಲಿ ಉತ್ತರದ ಗಡಿಯಲ್ಲಿ ಯುದ್ಧ ನಡೆಯಿತು. ಅದರ ಹಿಂದಿನ ವರ್ಷ ಚೀನಾ ಬಾಂಬು ಸಿಡಿಸಿತ್ತು, ಈಗ ಅದೂ ನಮ್ಮನ್ನು ಗದರಿಸುತ್ತಿತ್ತು. ಆಫೀಸಿನಲ್ಲಿ ರಾಯರ ಕೈಕೆಳಗೆ ಮೂರ್ತಿ ಎಂಬ ಕಿರಿಯ ಅಧಿಕಾರಿ ಇದ್ದರು. ಬೆಂಗಳೂರಿನವರು, ಬುದ್ಧಿವಂತರು, ಬೆಳಿಗ್ಗೆ ಪತ್ರಿಕೆ ಬಂದರೆ ಜೋರಾಗಿ ಓದಿ ತಾವೇ ಉತ್ತರ ಕೊಡುವವರು.

"ಅವನು ಹೊಡೆಯೋ ತನಕ ಕಾಯೋದು ಮೂರ್ಖತನ ಸಾರ್. ಬಾಂಬ್ ಇರೋರು ಮೊದಲೇ ಹೋಗಿ ಅವನ ಬಾಂಬ್ ಇರೋ ಜಾಗಕ್ಕೇ ಹಾಕಿಬಿಡಬೇಕು. ಹಾವು ಹೆಡೆ ಎತ್ತೋ ಮುಂಚೆ ತಲೆ ಜಜ್ಜಬೇಕು," ಎನ್ನುತ್ತಿದ್ದರು.

ರಾಯರು ಕಾಫಿ ಲೋಟ ಕೆಳಗಿಟ್ಟು, "ನಮಗೆ ಯಂತ್ರ ಜೋಡಿಸಿಕೊಟ್ಟು ಹೋದ್ರಲ್ಲ ಪರದೇಶದವರು, ಅವರ ದೇಶದಲ್ಲೂ ಹಿಂಗೇ ಹೇಳೋ ದೊಡ್ಡ ಮನುಷ್ಯರು ಇದ್ದಾರಂತೆ. ಹಾವು ಅಂತ ಅವರಿಗೆ ಹೇಳೋರು ಯಾರು ಗೊತ್ತಾ ಮೂರ್ತಿ? ನಮ್ಮಂಥೋರು," ಎಂದರು.

ನಿಜ ಹೇಳಬೇಕೆಂದರೆ ಆಗ ನನಗೆ ಮೂರ್ತಿಯವರ ಮಾತೇ ಸರಿ ಎನ್ನಿಸಿತ್ತು. ವಯಸ್ಸು ಇಪ್ಪತ್ತೇಳು. ಮೊದಲು ಹೊಡೆದವನು ಗೆದ್ದ ಎಂಬುದು ಕೇಳಲು ಚೆನ್ನಾಗಿರುತ್ತದೆ.

ಕದನ ನಿಂತಿದೆ ಎಂದು ರೇಡಿಯೋದಲ್ಲಿ ಹೇಳಿ ಎರಡು ಮೂರು ದಿನವಾಗಿತ್ತು. ಯಾರೂ ನಂಬಿರಲಿಲ್ಲ. ಆಕಾಶದಿಂದ ಕೊಡೆ ಬಿಚ್ಚಿಕೊಂಡು ಗೂಢಚಾರರು ಇಳಿಯುತ್ತಾರೆ, ಅವರ ಹತ್ತಿರ ವೈರು, ಮಾತಾಡುವ ಡಬ್ಬಿ ಇರುತ್ತದೆ ಎಂಬ ಸುದ್ದಿ ಚಿಂತಾಮಣಿ ಸಂತೆಯಿಂದ ಹಿಡಿದು ಎಲ್ಲ ಕಡೆ ಓಡಾಡುತ್ತಿತ್ತು. ಅಂಥ ವಾರದಲ್ಲಿ ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡುವ ದಿನ. ನಮ್ಮಪ್ಪ ತೀರಿಕೊಂಡು ಆರು ತಿಂಗಳಾಗಿತ್ತು.

ಹಿಂದಿನ ದಿನ ಯಾರೋ ನೇಗಿಲು ಹೊಡೆಯುತ್ತ ಕೇಬಲ್ ಕಿತ್ತಿದ್ದರು. ಒಂದು ಸಾಲಿನ ಗುಂಡಿಗಳೆಲ್ಲ ಸತ್ತುಬಿದ್ದಿದ್ದವು. ಇನ್ನೊಂದು ಸಾಲಿಗೆ ಮಳೆಯ ನೀರು ನುಗ್ಗಿತ್ತು. ಒಟ್ಟಿನಲ್ಲಿ ಮೂರು ಸೂಜಿ ಮಾತ್ರ ಜೀವಂತ. ಕೇಬಲ್ ರಿಪೇರಿಗೆ ಇಬ್ಬರು ಹೋಗಬೇಕು, ಅವರಲ್ಲಿ ಒಬ್ಬ ಸುತ್ತಲ ಹಳ್ಳಿಯವರಿಗೆ ಗೊತ್ತಿರುವವನಾಗಿರಬೇಕು ಎಂಬುದು ರಾಯರು ಮಾಡಿದ ನಿಯಮ. ಆ ದಿನ ಹೋಗಬೇಕಾದವರು ಲೈನ್‌ಮನ್ ಬಾಷಾ ಮತ್ತು ನಾನು.

ಬಾಷಾ ಶಿಡ್ಲಘಟ್ಟದವನು. ನನಗಿಂತ ಮೂರು ವರ್ಷ ಚಿಕ್ಕವನು. ಅವರ ಮನೆಯಲ್ಲೆಲ್ಲ ರೇಷ್ಮೆ ನೂಲು ಬಿಚ್ಚುವವರು. ಬಿಸಿನೀರಲ್ಲಿ ಎಳೆ ಹುಡುಕುವ ಆ ಬೆರಳು ಇವನಿಗೂ ಬಂದಿತ್ತು. ತುಂಡಾದ ತಂತಿಯನ್ನು ಅವನು ಜೋಡಿಸುವುದನ್ನು ನೋಡುವುದೇ ಚಂದ.

"ಅಣ್ಣ, ಅಪ್ಪಂದು ಮೊದಲ್ನೇ ಎಡೆ. ನೀವು ಮನೇಗ್ ಹೋಗ್ಲೇಬೇಕು. ಕೇಬಲ್ ನಾನ್ ನೋಡ್ಕೋತೀನಿ," ಎಂದ.

"ಒಬ್ಬನೇ ಹೆಂಗ್ ಹೋಗ್ತೀಯೋ?"

"ಕೇಬಲ್ಲೇನು ನನ್ನ ಕಚ್ತದಾ? ಒಂದು ವಡೆ ತಂದುಕೊಡಿ ಸಾಕು."

ರಾಯರು ಬೆಂಗಳೂರಿಗೆ ಹೋಗಿದ್ದರು. ಮೂರ್ತಿಯವರು ಹೂಂ ಎಂದರು. ಬಾಷಾ ಚೀಲ, ಇಕ್ಕಳ, ಸುತ್ತಿಗೆ, ಕಿವಿಗೆ ಹಾಕಿಕೊಂಡು ಮಾತಾಡುವ ಟೆಲಿಫೋನು ಹೆಗಲಿಗೇರಿಸಿ ಸೈಕಲ್ ಹತ್ತಿದ. ನಾನು ಹನ್ನೆರಡಕ್ಕೆ ಮನೆಗೆ ಹೊರಡುವುದೆಂದು ಕುಳಿತೆ.

ಹನ್ನೊಂದು ಮುಕ್ಕಾಲಿಗೆ ಮೂರು ಸೂಜಿಗಳೂ ಒಟ್ಟಿಗೆ ಮೇಲಕ್ಕೆ ಹಾರಿದವು.

ಇಲ್ಲಿ ಸ್ವಲ್ಪ ವಿವರಿಸಬೇಕು. ಭೂಕಂಪವಾದರೆ ಮೊದಲ ಹೊಡೆತ ಕೆಲವು ಕಡೆ ಮೇಲಕ್ಕೆ, ಕೆಲವು ಕಡೆ ಕೆಳಕ್ಕೆ. ಸಿಡಿತವಾದರೆ ಎಲ್ಲ ಕಡೆಯೂ ಮೇಲಕ್ಕೇ, ಏಕೆಂದರೆ ಸಿಡಿತ ಸುತ್ತಲೂ ತಳ್ಳುತ್ತದೆ. ಹತ್ತಿರದ ಗಣಿಯ ಸಿಡಿತವಾದರೆ ಹತ್ತಿರದ ಗುಂಡಿಯ ಸೂಜಿ ಮೊದಲು ಏಳುತ್ತದೆ, ದೂರದ್ದು ಆಮೇಲೆ. ಸಾವಿರಾರು ಮೈಲಿ ಆಚೆಯಿಂದ ಬಂದದ್ದಾದರೆ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೆ ಏಳುತ್ತವೆ. ನಮ್ಮ ಮೂರೂ ಒಟ್ಟಿಗೆ ಎದ್ದಿದ್ದವು, ಮೂರೂ ಮೇಲಕ್ಕೆ. ಉಳಿದಿದ್ದ ಆ ಮೂರು ಗುಂಡಿಗಳು ಚೌಡಪ್ಪನ ಗುಡ್ಡಕ್ಕೆ ಸರಿಸಮ ದೂರದಲ್ಲಿವೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಆ ಗುಂಡಿಗಳಿಗೆ ಸೈಕಲ್ ತುಳಿದವನು ನಾನು, ಮೂರ್ತಿಯವರಲ್ಲ.

ಮೂರ್ತಿಯವರ ಮುಖ ಬೆಳ್ಳಗಾಯಿತು. ಆದರೂ ಅವರು ಕೇಳಿದರು. ಇದನ್ನು ನಾನು ಬರೆಯಲೇಬೇಕು, ಏಕೆಂದರೆ ಆಮೇಲೆ ಎಲ್ಲರೂ ತಪ್ಪನ್ನು ಅವರ ತಲೆಗೇ ಕಟ್ಟಿದರು.

"ಆಂಜಿನಪ್ಪ, ಗುಡ್ಡದ್ದೇನಾದ್ರೂ ಇರಬಹುದಾ?"

"ಇವತ್ತು ಮಹಾಲಯ ಅಮಾವಾಸ್ಯೆ ಸಾರ್. ಅವರು ಉಳಿ ಕೂಡ ಮುಟ್ಟಲ್ಲ."

"ಗ್ಯಾರಂಟಿನಾ? ಒಂದ್ಸಲ ಸೈಕಲ್ಲಲ್ಲಿ ಹೋಗಿ ನೋಡ್ಕೊಂಡ್ ಬರ್ತೀರಾ?"

ಗುಡ್ಡಕ್ಕೆ ಹೋಗಿಬರಲು ಒಂದು ಗಂಟೆ ಬೇಕು. ಅನುಮಾನದ ನಡುಕ ಕಂಡರೆ ಅರ್ಧ ಗಂಟೆಯೊಳಗೆ ಮುಂಬಯಿಯ ನಮ್ಮ ಮುಖ್ಯ ಆಫೀಸಿಗೆ ಟ್ರಂಕ್ ಕಾಲ್ ಮಾಡಬೇಕೆಂಬುದು ಆಜ್ಞೆ. ಆದರೆ ಮೂರು ಮಾತಲ್ಲಿ ಯಾವುದನ್ನಾದರೂ ಹೇಳಬಹುದಿತ್ತು: ಭೂಕಂಪ, ಸಿಡಿತ, ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳಿ ಗುಡ್ಡಕ್ಕೆ ಹೋಗಬಹುದಿತ್ತು. ಇನ್ನೊಂದು ಸಂಗತಿಯನ್ನೂ ನಾನು ಕಂಡಿದ್ದೆ. ಸೂಜಿಗಳು ಎಂಟು ಹತ್ತು ಸೆಕೆಂಡಿನಲ್ಲೇ ತೆಪ್ಪಗಾಗಿದ್ದವು. ದೂರದಿಂದ ಬಂದ ನಡುಕ ಅಷ್ಟು ಬೇಗ ಸುಮ್ಮನಾಗುವುದಿಲ್ಲ. ಕಂಡೆ, ಬಾಯಿ ಬಿಡಲಿಲ್ಲ. ಮನೆಯಲ್ಲಿ ಎಲೆ ಹಾಕಿ ಕಾಯುತ್ತಿದ್ದರು.

"ಬೇಕಿಲ್ಲ ಸಾರ್. ನಮ್ಮೋರ ಕಟ್ಟು ನಂಗೆ ಗೊತ್ತು," ಎಂದೆ.

ಲೈನು ಹಾಳಾಗಿತ್ತು. ಮೂರ್ತಿಯವರು ಫೋನಿಗೆ ಬಾಯಿಟ್ಟು ಕಿರುಚಬೇಕಾಯಿತು. "ಸಿಡಿತ! ಹೌದು, ಬಾಂಬು! ಬಾಂಬು ಅಂತ ಬರ್ಕೊಳ್ಳಿ!" ಎಂದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ನಾಲ್ಕು ಸಲ ಕೂಗಿದರು. ಕಿಟಕಿ ತೆರೆದಿತ್ತು. ಕಿಟಕಿಯ ಹೊರಗೆ ಮೊಸರು ಮಾರುವ ಹೆಂಗಸು ನಿಂತಿದ್ದಳು. ಹನ್ನೆರಡೂಕಾಲಿಗೆ ನಾನು ಮನೆಗೆ ಹೋಗುವಾಗ ಅವಳು ನನ್ನ ಮುಂದೆಯೇ ಕುಕ್ಕೆ ಹೊತ್ತು ಓಡುತ್ತಿದ್ದಳು. ಯಾಕೆ ಓಡುತ್ತಿದ್ದಾಳೆ ಎಂದು ಕೇಳಲಿಲ್ಲ.

ನಾನು ಮಿಂದೆ, ಎಡೆ ಇಟ್ಟೆವು, ಊಟ ಮಾಡಿದೆ. ಅಮ್ಮ ಬಾಷಾನಿಗೆಂದು ನಾಲ್ಕು ವಡೆ ಎಲೆಯಲ್ಲಿ ಕಟ್ಟಿದರು. ಕೈ ತೊಳೆಯುತ್ತಿದ್ದಾಗ ಪಕ್ಕದ ಮನೆಯ ಗಂಗಣ್ಣ ಬೀದಿಯಿಂದಲೇ ಕೂಗಿದ.

"ಆಂಜಿ, ಬಾಂಬ್ ಬಿತ್ತಂತಲ್ಲೋ! ನಿಮ್ಮ ಆಫೀಸೋರೇ ಹೇಳಿದ್ರಂತೆ! ಆ ಕಡೆ ಹೊಲದಲ್ಲಿ ಒಬ್ಬ ಗೂಢಚಾರನ್ನ ಹಿಡಿದವ್ರಂತೆ ಕಣೋ. ವೈರ್ ಇಟ್ಕೊಂಡು ಮಾತಾಡ್ತಿದ್ನಂತೆ!"

ನಾನು ಸೈಕಲ್ ತುಳಿದದ್ದು ನೆನಪಿಲ್ಲ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿನ ಮೊಮ್ಮಕ್ಕಳಿಗೆ ಅದರ ಹೊರೆ ಬೇಡ. ನೆಲಗಡಲೆ ಹೊಲದ ನಡುವೆ ಗುಂಪು ಚದುರುತ್ತಿತ್ತು. ಕೆಲವರ ಹಣೆಯಲ್ಲಿ ಇನ್ನೂ ಎಡೆಯ ಕುಂಕುಮವಿತ್ತು. ಒನಕೆ ಹಿಡಿದಿದ್ದ ಒಬ್ಬ ಮುದುಕ ನನ್ನನ್ನು ಗುರುತಿಸಿ, "ಅವ್ನು ಏನಾದ್ರೂ ಮಾಡೋ ಮುಂಚೇನೇ ನಾವು ನೋಡ್ಕಂಡ್ವಿ ಕಣಪ್ಪ," ಎಂದ. ಒಳ್ಳೆಯ ಕೆಲಸ ಮಾಡಿದವನ ದನಿ ಅದು.

ಗುಂಡಿಯ ಪಕ್ಕದಲ್ಲಿ ಬಾಷಾ ಬಿದ್ದಿದ್ದ. ಅವನ ಮೇಲೆ ಅಡ್ಡಲಾಗಿ, ಬೆನ್ನು ಕೊಟ್ಟು, ಚೌಡಪ್ಪ ಮಲಗಿದ್ದ. ಸುತ್ತ ಅವನ ಕಡೆಯ ಐದಾರು ಜನ ಸುತ್ತಿಗೆ ಹಿಡಿದು ನಿಂತಿದ್ದರು. ಅವರು ಗುಡ್ಡದಿಂದ ಇಳಿದು ಬರುವಾಗ ನೋಡಿ ಬಿಡಿಸಿದ್ದರು. ಬಾಷಾನ ಎರಡು ಕಿವಿಯಿಂದಲೂ ರಕ್ತ ಬರುತ್ತಿತ್ತು. ಟೆಲಿಫೋನು ಕಿವಿಗೆ ಕಚ್ಚಿಕೊಂಡಿದ್ದಾಗಲೇ ಅದರ ಮೇಲೆ ಹೊಡೆದಿದ್ದರು. ಬಲಗೈ ಬೆರಳುಗಳನ್ನು ನೋಡಲಾಗಲಿಲ್ಲ.

ಚೌಡಪ್ಪ ಎದ್ದು ನಿಂತ. ಅವನ ಮೈಯೆಲ್ಲ ಕಲ್ಲಿನ ಪುಡಿ, ಹೊಸ ಪುಡಿ.

"ಚೌಡಪ್ಪ, ಅಮಾವಾಸ್ಯೆ ದಿನ ಗುಡ್ಡದ ಮೇಲೆ ಏನ್ ಮಾಡ್ತಿದ್ದೆ?" ಎಂದೆ.

"ಏಮಿ ಚೇಸೇದಿ ಸಾಮಿ," ಎಂದ, ಏನ್ ಮಾಡೋದು ಎಂದು. "ನಿನ್ನೆ ಮಳೆಗೆ ಬತ್ತಿ ನೆಂದು ಆರು ಕುಳಿ ಮದ್ದು ಹಂಗೇ ಕೂತ್ಬಿಡ್ತು. ಆ ಕಡೆ ಕುರಿ ಕಾಯೋರು ಬರ್ತಾರೆ. ಹಂಗೇ ಬಿಟ್ರೆ ಯಾರಾದ್ರೂ ಸಾಯ್ತಾರೆ ಅಂತ, ಕಟ್ಟು ಮುರಿದು, ದೇವ್ರಿಗೆ ಕಾಯಿ ಒಡೆದು, ಆರೂ ಒಟ್ಟಿಗೆ ಹಾರಿಸಿಬಿಟ್ವಿ."

ಯಾರೂ ಸಾಯಬಾರದೆಂದು ಅವನು ಹಾರಿಸಿದ ಮದ್ದನ್ನೇ ನಾನು ಬಾಂಬು ಮಾಡಿದ್ದೆ.

ಗಾಡಿಯಲ್ಲಿ ಬಾಷಾನನ್ನು ಗೌರಿಬಿದನೂರಿನ ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿಗೆ ಸಾಗಿಸಿದರು. ನಾನು ಸಂಜೆ ಆಫೀಸಿಗೆ ಬಂದಾಗ ರಾಯರು ಬಂದಿದ್ದರು. ಬೇರೆ ಯಾವ ಕೇಂದ್ರಕ್ಕೂ ಈ ನಡುಕ ಸಿಕ್ಕಿಲ್ಲ, ಮತ್ತೆ ನೋಡಿ ಎಂದು ಮುಂಬಯಿಯಿಂದ ಮೂರು ಗಂಟೆಗೇ ಕರೆ ಬಂದಿತ್ತು. ರಾಯರು ಸುರುಳಿಯನ್ನು ಒಂದು ನಿಮಿಷ ನೋಡಿದರು.

"ಇದು ಎಷ್ಟು ಹೊತ್ತು ನಡುಗಿದೆ, ನೋಡಿದ್ರಾ?"

"ನೋಡಿದೆ ಸಾರ್," ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೂರ್ತಿಯವರ ಕಡೆ ತಿರುಗಿ, "ಮೊದಲು ಹೊಡೀಬೇಕು ಅಂತ ದಿನಾ ಹೇಳ್ತಿದ್ರಲ್ಲ. ನಮ್ಮ ದೇಶದಲ್ಲಿ ಬಾಂಬಿಲ್ಲ, ನಮ್ಮ ಪುಣ್ಯ. ಇರೋ ದೇಶದಲ್ಲಿ ಇವತ್ತು ಅದನ್ನ ಹಾರಿಸೋನ ಮೇಜಿನ ಮೇಲೆ ನಿಮ್ಮ ಚೀಟಿ ಹೋಗಿರ್ತಿತ್ತು. ಚೀಟೀಲಿ ಏನಿರ್ತಿತ್ತು? ಮೂರು ಸೂಜಿ ಮತ್ತೆ ಆಂಜಿನಪ್ಪನವರ ಅಮಾವಾಸ್ಯೆ," ಎಂದರು.

ಮೂರ್ತಿಯವರು ಅಳುತ್ತಿದ್ದರು. ಆದರೂ ಕೇಳಿದರು: "ನಿಜವಾಗ್ಲೂ ಬಾಂಬೇ ಆಗಿದ್ರೆ ಸಾರ್?"

"ಆಗಿದ್ರೆ ಯಾರೋ ಪರೀಕ್ಷೆ ಮಾಡಿದ್ರು ಅಂತ ಅರ್ಥ. ನಮ್ಮ ಮೇಲೆ ಬರ್ತಾನೆ ಅಂತಲ್ಲ. ನೆಲ ನಡುಗಿದ್ದನ್ನ ಸೂಜಿ ಹೇಳುತ್ತೆ. ಅವನ ಮನಸ್ಸಲ್ಲಿ ಏನಿದೆ ಅಂತ ಹೇಳೋ ಸೂಜಿ ಎಲ್ಲಿದೆ? ಮುಂಬಯಿಯವರಿಗೆ ನಿಮ್ಮನ್ನ ಮತ್ತೆ ಕೇಳೋಕೆ ಮೂರು ಗಂಟೆ ಸಿಕ್ತು. ಮೊದಲು ಹೊಡೀಬೇಕು ಅಂತ ಕೂತಿರೋನಿಗೆ ಮೂರು ಗಂಟೆ ಇರಲ್ಲ. ಕಾದ್ರೆ ಅವನ ಲೆಕ್ಕವೇ ಕೆಡುತ್ತೆ. ಹಂಗಾಗಿ ಅವನು ಯಾರನ್ನೂ ಗುಡ್ಡಕ್ಕೆ ಕಳಿಸಲ್ಲ."

ಅಂದಿನಿಂದ ಪದ್ಧತಿ ಬದಲಾಯಿತು. ಅರ್ಧಕ್ಕಿಂತ ಕಡಿಮೆ ಸೂಜಿ ಇದ್ದರೆ ಗೊತ್ತಿಲ್ಲ ಎಂದಷ್ಟೇ ಹೇಳಬೇಕು. ಇಬ್ಬರು ಕೆಲಸದಲ್ಲಿದ್ದರೆ ಒಬ್ಬ ಇದು ಸಿಡಿತ ಎಂದು ಬರೆಯಬೇಕು, ಇನ್ನೊಬ್ಬ ಯಾಕಲ್ಲ ಎಂದು ಕಡ್ಡಾಯವಾಗಿ ಬರೆಯಬೇಕು, ಮನಸ್ಸಿಗೆ ಒಪ್ಪದಿದ್ದರೂ. ಈಗ ನಿಮಗೆ ಕಂಪ್ಯೂಟರ್ ಇದೆ, ಅದು ಕ್ಷಣದಲ್ಲಿ ಹೇಳುತ್ತದೆ. ಬೇಗ ಹೇಳುತ್ತದೆ ಎಂದು ನೀವು ಖುಷಿಯಾಗಿ ಹೇಳಿದಿರಿ. ಅದು ಗುಡ್ಡಕ್ಕೆ ಯಾರನ್ನು ಕಳಿಸುತ್ತದೆ ಎಂದು ನಾನು ಕೇಳುತ್ತೇನೆ.

ವಿಚಾರಣೆಯಲ್ಲಿ ಯಾರು ಹೊಡೆದರೆಂದು ಊರಿನವರು ಯಾರೂ ಹೇಳಲಿಲ್ಲ. ನನ್ನ ಅಮಾವಾಸ್ಯೆಯ ಮಾತನ್ನೂ ಯಾರೂ ಕೇಳಲಿಲ್ಲ. ಕೇಬಲ್ ಕೆಟ್ಟಿದ್ದರಿಂದ ತಪ್ಪಾಯಿತು ಎಂದು ಕಾಗದ ಮುಗಿಯಿತು. ಮೂರ್ತಿಯವರಿಗೆ ವರ್ಗವಾಯಿತು. ನನಗೆ ಏನೂ ಆಗಲಿಲ್ಲ.

ಬಾಷಾ ಬದುಕಿದ. ಬಲಗೈಯ ಮೂರು ಬೆರಳು ಮಡಿಚುತ್ತಿರಲಿಲ್ಲ, ತಂತಿಯ ಕೆಲಸ ಆಗಲಿಲ್ಲ. ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದು ಅರೆಬರೆ. ಕೆಲಸ ಬಿಟ್ಟು ಶಿಡ್ಲಘಟ್ಟಕ್ಕೆ ಹೋಗಿ ರೇಷ್ಮೆ ಗೂಡು ವಿಂಗಡಿಸುತ್ತ ಕುಳಿತ. ನಾನು ಅವನ ಮನೆಗೆ ಹೋಗಲು ಮೂರು ವರ್ಷ ಬೇಕಾಯಿತು. ಪ್ರತಿ ತಿಂಗಳೂ ಹೊರಡುತ್ತಿದ್ದೆ, ಬಸ್ ನಿಲ್ದಾಣದಿಂದ ವಾಪಸು ಬರುತ್ತಿದ್ದೆ.

ಕೊನೆಗೂ ಹೋದಾಗ ಅವನು ಮೊರದ ಮುಂದೆ ಕುಳಿತು ಎಡಗೈಯಿಂದ ಗೂಡು ಆರಿಸುತ್ತಿದ್ದ. ನನ್ನನ್ನು ನೋಡಿ ಮುಖ ಅರಳಿತು. ಚಹಾ ತರಿಸಿದ. ತಾನಾಗಿಯೇ ಆ ದಿನದ ಮಾತು ತೆಗೆದ. ತನ್ನ ದನಿ ತನಗೆ ಕೇಳದವರು ಮಾತಾಡುವಂತೆ, ಸ್ವಲ್ಪ ಗಟ್ಟಿಯಾಗಿ.

"ಮೊದಲು ಬಂದೋನು ಒಬ್ಬನೇ ಅಣ್ಣ. ಆ ಒನಕೆ ಮುದುಕ. ನನ್ನ ಕೈಲಿ ಸುತ್ತಿಗೆ ಇತ್ತು. ಅವನು ಒನಕೆ ಎತ್ತೋದು ಕಂಡೆ. ನಾನೇ ಮೊದಲು ಹೊಡೀಬಹುದಾಗಿತ್ತು, ಅವನು ಅಲ್ಲೇ ಬಿದ್ದುಹೋಗ್ತಿದ್ದ."

ಯಾಕೆ ಹೊಡೆಯಲಿಲ್ಲ ಎಂದು ಕೈಸನ್ನೆಯಲ್ಲಿ ಕೇಳಿದೆ.

"ಆ ಊರಲ್ಲಿ ನಮ್ಮೋರದು ನಾಲ್ಕು ಮನೆ ಅವೆ. ಹೊಡೆದಿದ್ರೆ ಅವರು ಅಂದ್ಕೊಂಡಿದ್ದೇ ನಿಜ ಆಗೋದಲ್ಲಣ್ಣ. ಸಾಯಂಕಾಲಕ್ಕೆ ಆ ನಾಲ್ಕು ಮನೆ ಇರ್ತಿರಲಿಲ್ಲ." ಒಂದು ಗೂಡು ಎತ್ತಿ ಬೆಳಕಿಗೆ ಹಿಡಿದು ನೋಡಿದ. "ಬಾಂಬ್ ಅಂತ ಯಾವ ಪಾಪಿ ಹೇಳಿದ್ನೋ ಗೊತ್ತಿಲ್ಲ. ರೇಡಿಯೋದೋರೇ ಇರಬೇಕು."

ಆಗ ಹೇಳಿದೆ. ಗುಡ್ಡಕ್ಕೆ ಹೋಗಿ ನೋಡಿಬಾ ಎಂದು ನನಗೆ ಹೇಳಿದ್ದರು, ಬೇಕಿಲ್ಲ ಎಂದವನು ನಾನು, ಎಡೆಯ ಊಟಕ್ಕೆ ಹೊತ್ತಾಗುತ್ತದೆ ಎಂದು. ತಲೆ ತಗ್ಗಿಸಿ ಮೆಲ್ಲಗೆ ಹೇಳಿದೆ. ಬಾಷಾ ಇನ್ನೊಂದು ಕಿವಿಯನ್ನು ನನ್ನ ಕಡೆ ತಿರುಗಿಸಿ, "ಏನಂದ್ರಿ ಅಣ್ಣ? ಜೋರಾಗಿ ಹೇಳಿ," ಎಂದ.

ಜೋರಾಗಿ ಹೇಳಿದೆ. ಕೇಳಲಿಲ್ಲ. ಮತ್ತೆ ಕಿರುಚಿ ಹೇಳಿದೆ, ಒಂದೊಂದೇ ಮಾತು. ಒಳಗಿನಿಂದ ಅವನ ಹೆಂಡತಿ ಬಂದು ಬಾಗಿಲಲ್ಲಿ ನಿಂತರು. ಅವನ ತಾಯಿ ನೂಲು ಬಿಚ್ಚುವುದನ್ನು ನಿಲ್ಲಿಸಿದರು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಒಳಗೆ ನೋಡಿದರು.

ಬಾಷಾ ಕೈಯಲ್ಲಿದ್ದ ಗೂಡನ್ನು ಮೊರಕ್ಕೆ ಹಾಕಿದ.

"ಊಟ ಮಾಡಿದ್ರಾ ಅಣ್ಣ, ಅವತ್ತು?" ಎಂದ.

"ಮಾಡಿದೆ," ಎಂದೆ.

ಅದು ಅವನಿಗೆ ಕೇಳಲಿಲ್ಲ. ಅದನ್ನೂ ಕಿರುಚಿಯೇ ಹೇಳಬೇಕಾಯಿತು.